ವಿದೇಶ ಪ್ರವಾಸದಲ್ಲಿ ಮಡಿಲ ಮಗುವೂ ಪೂರ್ಣ ಪ್ರಯಾಣಿಕ

ವ್ಯಾಪಾರ ಮೇಳ, ಯಂತ್ರೋಪಕರಣಗಳ ಖರೀದಿ, ರಫ್ತು ಮಾತುಕತೆ ಮೊದಲಾದ ಉದ್ದೇಶಗಳಿಗಾಗಿ ವರ್ತಕರು ಹಾಗೂ ಉದ್ಯಮಿಗಳು ವಿದೇಶಕ್ಕೆ ಹೋಗಿಬರುವುದು ಹೊಸದೇನಲ್ಲ. ಆದರೆ ಅಂತಹ ಅನುಭವಿಗಳೇ ರಜೆಯಲ್ಲಿ ಕುಟುಂಬ ಸಮೇತ ಹೊರಟಾಗ, ಜೊತೆಯಲ್ಲಿ ಒಂದರಿಂದ ಮೂರು ವರ್ಷದೊಳಗಿನ ಮಗುವಿದ್ದರೆ, ಲೆಕ್ಕಾಚಾರ ತಪ್ಪುವ ಸಂಭವವುಂಟು. ಮನೆಯವರ ದೃಷ್ಟಿಯಲ್ಲಿ ಮಡಿಲಲ್ಲಿ ಕುಳಿತು ಬರುವ ಕೂಸು, ನಿಯಮಗಳ ದೃಷ್ಟಿಯಲ್ಲಿ ಪ್ರತ್ಯೇಕ ಪ್ರಯಾಣಿಕ. ಈ ವ್ಯತ್ಯಾಸವನ್ನು ಮೊದಲೇ ಅರಿಯದಿದ್ದಲ್ಲಿ ವಿಮಾನ ನಿಲ್ದಾಣದಿಂದಲೇ ಇಡೀ ಕುಟುಂಬ ಹಿಂದಿರುಗಬೇಕಾದ ಪ್ರಸಂಗ ಒದಗಬಹುದು. ಗಮನಿಸಬೇಕಾದ ಮುಖ್ಯ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಪಾಸ್‌ಪೋರ್ಟ್ ಮತ್ತು ವೀಸಾ

ಹಿಂದೆ ತಂದೆ ತಾಯಿಯರ ಪಾಸ್‌ಪೋರ್ಟ್‌ನಲ್ಲಿಯೇ ಮಕ್ಕಳ ಹೆಸರನ್ನು ಸೇರಿಸುವ ಪದ್ಧತಿಯಿತ್ತು. ಈಗ ನವಜಾತ ಶಿಶುವಿಗೂ ಪ್ರತ್ಯೇಕ ಪಾಸ್‌ಪೋರ್ಟ್ ಅಗತ್ಯ. 2023ರ ಅಕ್ಟೋಬರ್ 1ರಂದು ಅಥವಾ ಅನಂತರ ಜನಿಸಿದವರಿಗೆ ಜನನ ಪ್ರಮಾಣಪತ್ರವೊಂದೇ ಜನ್ಮದಿನಾಂಕದ ಪುರಾವೆ. ಆದ್ದರಿಂದ ಅದರಲ್ಲಿ ಮಗುವಿನ ಹೆಸರು ಸೇರಿದೆಯೇ, ತಂದೆ ತಾಯಿಯರ ಹೆಸರುಗಳು ಅವರವರ ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಇವೆಯೇ ಎಂಬುದನ್ನು ಅರ್ಜಿ ಸಲ್ಲಿಸುವ ಮೊದಲೇ ಪರಿಶೀಲಿಸಬೇಕು. ಅರ್ಜಿಯೊಂದಿಗೆ ಅನುಬಂಧ 'ಡಿ' ನಮೂನೆಯಲ್ಲಿ ತಂದೆ ತಾಯಿಯರಿಬ್ಬರ ಘೋಷಣೆಯನ್ನು ಸಲ್ಲಿಸಬೇಕಾಗುತ್ತದೆ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಿಳಿ ಹಿನ್ನೆಲೆಯ ಭಾವಚಿತ್ರವನ್ನು ಒಯ್ಯುವುದು ಅವಶ್ಯ.

ವಯಸ್ಕರ ಪಾಸ್‌ಪೋರ್ಟ್ ಹತ್ತು ವರ್ಷ ಚಾಲ್ತಿಯಲ್ಲಿದ್ದರೆ ಪುಟ್ಟ ಮಕ್ಕಳದು ಐದೇ ವರ್ಷ. ಸಿಂಗಪುರವೂ ಸೇರಿದಂತೆ ಹಲವು ರಾಷ್ಟ್ರಗಳು ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕೆಂದು ವಿಧಿಸುವುದರಿಂದ, ಮಗುವಿನ ಪಾಸ್‌ಪೋರ್ಟ್ ವಾಸ್ತವವಾಗಿ ನಾಲ್ಕೂವರೆ ವರ್ಷಕ್ಕಷ್ಟೇ ಉಪಯುಕ್ತ. ವೀಸಾ ಸಹ ಮಗುವಿನ ಹೆಸರಿನಲ್ಲಿ ಪ್ರತ್ಯೇಕವಾಗಿರಬೇಕು. ತಂದೆ ಅಥವಾ ತಾಯಿ ಒಬ್ಬರೇ ಮಗುವನ್ನು ಕರೆದೊಯ್ಯುವಾಗ, ಇನ್ನೊಬ್ಬರ ಒಪ್ಪಿಗೆ ಪತ್ರವನ್ನು ನೋಟರಿಯವರಿಂದ ದೃಢೀಕರಿಸಿ ಜೊತೆಯಲ್ಲಿಟ್ಟುಕೊಳ್ಳುವುದು ಕ್ಷೇಮ.

ಎರಡನೆಯ ಹುಟ್ಟುಹಬ್ಬದ ಗಡಿ

ವಿಮಾನ ಸಂಸ್ಥೆಗಳು ಎರಡು ವರ್ಷ ತುಂಬದ ಮಗುವನ್ನು 'ಶಿಶು' ಎಂದು ಪರಿಗಣಿಸಿ, ವಯಸ್ಕರ ಮಡಿಲಲ್ಲಿ ಕುಳಿತು ಪ್ರಯಾಣಿಸಲು ಅವಕಾಶ ನೀಡುತ್ತವೆ. ಅಂತರರಾಷ್ಟ್ರೀಯ ಮಾರ್ಗಗಳಲ್ಲಿ ಇದರ ದರ ಸಾಮಾನ್ಯವಾಗಿ ವಯಸ್ಕರ ದರದ ಶೇ. 10ರ ಆಸುಪಾಸಿನಲ್ಲಿರುತ್ತದೆ. ಎರಡು ವರ್ಷ ತುಂಬಿದೊಡನೆ ಪ್ರತ್ಯೇಕ ಆಸನವನ್ನು ಕೊಳ್ಳಲೇಬೇಕು; ಅದರ ದರ ವಯಸ್ಕರ ದರಕ್ಕೆ ಸಮೀಪವಾಗಿರುತ್ತದೆ. ಪ್ರವಾಸದ ನಡುವೆ ಮಗುವಿಗೆ ಎರಡು ವರ್ಷ ತುಂಬಿದರೆ ಹಿಂದಿರುಗುವ ಪ್ರಯಾಣಕ್ಕೆ ಆಸನ ಬೇಕೇ ಬೇಕು. ಆದುದರಿಂದ ಮಗುವಿನ ವಯಸ್ಸನ್ನು ಹೊರಡುವ ದಿನಕ್ಕೆ ಮಾತ್ರವಲ್ಲದೆ ಮರಳುವ ದಿನಕ್ಕೂ ಲೆಕ್ಕ ಹಾಕಬೇಕು. ದಿನಾಂಕವನ್ನು ಒಂದು ವಾರ ಹಿಂದಕ್ಕೆ ತಂದುಕೊಂಡಲ್ಲಿ ಗಣನೀಯ ಮೊತ್ತ ಉಳಿಯುವ ಸಂದರ್ಭಗಳೂ ಉಂಟು.

ಒಬ್ಬ ವಯಸ್ಕರ ಮಡಿಲಲ್ಲಿ ಒಂದೇ ಶಿಶುವಿಗೆ ಅವಕಾಶ. ಅಡ್ಡಗೋಡೆಗೆ ಅಳವಡಿಸುವ ತೊಟ್ಟಿಲುಗಳ ಸಂಖ್ಯೆ ಸೀಮಿತ. ಅವುಗಳಿಗೆ ತೂಕ ಹಾಗೂ ಎತ್ತರದ ಮಿತಿಯೂ ಇರುವುದರಿಂದ ಒಂದೂವರೆ ವರ್ಷದ ಮಗುವಿಗೆ ಅವು ಸಾಲದೆ ಹೋಗಬಹುದು. ಟಿಕೆಟ್ ಕಾದಿರಿಸುವಾಗಲೇ ವಿಚಾರಿಸುವುದು ಲೇಸು.

ಹಾರಾಟದ ವೇಳೆ

2006ರ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ವಿಮಾನ ಸ್ಫೋಟದ ಸಂಚು ಬಯಲಾದ ನಂತರ, ಕೈಚೀಲದ ದ್ರವಪದಾರ್ಥಗಳಿಗೆ 100 ಮಿ.ಲೀ. ಮಿತಿ ಜಾರಿಗೆ ಬಂದಿತು. ಮಗುವಿನ ಹಾಲು ಮತ್ತು ಆಹಾರಕ್ಕೆ ಪ್ರಯಾಣದ ಅವಧಿಗೆ ತಕ್ಕಷ್ಟು ವಿನಾಯಿತಿಯುಂಟು. ತಪಾಸಣೆಯ ವೇಳೆ ಅದನ್ನು ಹೊರತೆಗೆದು ತೋರಿಸಬೇಕು. ವಿಮಾನ ಇಳಿಯುವಾಗ ಗಾಳಿಯ ಒತ್ತಡ ಬದಲಾಗುವುದರಿಂದ ಮಕ್ಕಳಿಗೆ ಕಿವಿನೋವು ಉಂಟಾಗುತ್ತದೆ. ಮಗು ನುಂಗುವ ಕ್ರಿಯೆಯಲ್ಲಿ ತೊಡಗಿದ್ದರೆ ಒತ್ತಡ ಸಮವಾಗುತ್ತದೆ. ಆದಕಾರಣ ಹಾಲು ಅಥವಾ ನೀರನ್ನು ಇಳಿಯುವ ವೇಳೆಗೆಂದೇ ಕಾದಿರಿಸಬೇಕು. ನೆಗಡಿ ಅಥವಾ ಕಿವಿಯ ಸೋಂಕು ಇದ್ದಲ್ಲಿ ವೈದ್ಯರ ಸಲಹೆ ಪಡೆಯದೆ ಹೊರಡಬಾರದು.

ಲಸಿಕೆ, ಔಷಧಿ ಮತ್ತು ಆಹಾರ

ಕೀನ್ಯಾದಂತಹ ಹಳದಿ ಜ್ವರ ಪೀಡಿತ ರಾಷ್ಟ್ರಗಳಿಗೆ ಹೋಗಿಬರುವವರು ಲಸಿಕೆಯ ಪ್ರಮಾಣಪತ್ರ ಹೊಂದಿರಬೇಕು. ಇಲ್ಲವಾದರೆ ಭಾರತಕ್ಕೆ ಮರಳಿದಾಗ ಆರು ದಿನಗಳವರೆಗೆ ಪ್ರತ್ಯೇಕ ವಾಸಕ್ಕೆ ಒಳಪಡಿಸುವ ಅಧಿಕಾರ ಸರ್ಕಾರಕ್ಕಿದೆ. ಆರು ತಿಂಗಳೊಳಗಿನ ಶಿಶುಗಳಿಗೆ ಮಾತ್ರ ಇದರಿಂದ ವಿನಾಯಿತಿ. ಆದರೆ ಈ ಲಸಿಕೆಯನ್ನು ಸಾಮಾನ್ಯವಾಗಿ ನೀಡುವುದು ಒಂಬತ್ತು ತಿಂಗಳ ನಂತರ. ಈ ನಡುವಿನ ವಯಸ್ಸಿನ ಮಗುವಿರುವವರು ಇಂತಹ ಪ್ರವಾಸವನ್ನು ಮುಂದೂಡುವುದೇ ಸೂಕ್ತ. ಲಸಿಕೆ ಪಡೆದ ಹತ್ತು ದಿನಗಳ ಬಳಿಕವೇ ಪ್ರಮಾಣಪತ್ರ ಸಿಂಧುವಾಗುತ್ತದೆ.

ಜ್ವರದ ಔಷಧಿಯ ಪ್ರಮಾಣವನ್ನು ಮಗುವಿನ ತೂಕಕ್ಕನುಗುಣವಾಗಿ ಮಕ್ಕಳ ವೈದ್ಯರಿಂದ ಬರೆಸಿಕೊಂಡು, ಚೀಟಿಯನ್ನು ಔಷಧಿಯೊಡನೆಯೇ ಇಡಬೇಕು. ಹಿರಿಯರು ಬಳಸುವ ಕೊಡೀನ್‌ಯುಕ್ತ ಕೆಮ್ಮಿನ ಔಷಧಿಗೆ ಸಿಂಗಪುರ ಹಾಗೂ ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ ನಿರ್ಬಂಧವಿದೆ. ನಮ್ಮ ಅಡುಗೆಮನೆಯ ಗಸಗಸೆಯೂ ಅಲ್ಲಿ ಮಾದಕ ವಸ್ತು ನಿಯಂತ್ರಣ ಕಾನೂನಿನ ವ್ಯಾಪ್ತಿಗೆ ಬರುತ್ತದೆ. ಮಗುವಿಗಾಗಿ ಕಟ್ಟುವ ತಿಂಡಿಯ ಡಬ್ಬಿಯಲ್ಲಿ ಗಸಗಸೆ ಬೆರೆಸಿದ ಉಂಡೆ ಇರಲಾಗದು.

ಸಿಂಗಪುರದ ನಿದರ್ಶನ

ಮೊದಲ ಪ್ರವಾಸಕ್ಕೆ ಸಿಂಗಪುರ ಉತ್ತಮ ಆಯ್ಕೆ. ಬೆಂಗಳೂರಿನಿಂದ ನೇರ ಹಾರಾಟ ಸುಮಾರು ನಾಲ್ಕೂವರೆ ಗಂಟೆ. ಗಡಿಯಾರ ಎರಡೂವರೆ ಗಂಟೆ ಮುಂದು. ವೀಸಾ ಅಲ್ಲದೆ, ತಲುಪುವ ಮುನ್ನಿನ ಮೂರು ದಿನಗಳೊಳಗೆ ಮಗುವಿನದೂ ಸೇರಿ ಪ್ರತಿಯೊಬ್ಬರ ಆಗಮನ ಪತ್ರವನ್ನು ಅಂತರಜಾಲದ ಮೂಲಕ ಸಲ್ಲಿಸಬೇಕು. ಸರ್ಕಾರಿ ತಾಣದಲ್ಲಿ ಇದು ಉಚಿತ.

ಇಲ್ಲಿ ರಾತ್ರಿ ಎಂಟಕ್ಕೆ ಮಲಗುವ ಮಗು ಅಲ್ಲಿ ಹತ್ತೂವರೆಯವರೆಗೆ ಎಚ್ಚರವಿರುತ್ತದೆ. ಬೆಳಗಿನ ಏಳಕ್ಕೇ ಬಸ್ಸು ಹತ್ತಿಸುವ ತಂಡ ಪ್ರವಾಸಗಳು ಮಗುವಿನ ಪಾಲಿಗೆ ನಸುಕಿನ ನಾಲ್ಕೂವರೆಗೆ ಹೊರಟಂತೆ. ಅದೇ 1994ರಲ್ಲಿ ಆರಂಭವಾದ 'ನೈಟ್ ಸಫಾರಿ' ಮೃಗಾಲಯ ಸಂಜೆ ಏಳರ ನಂತರ ತೆರೆಯುವುದು ಭಾರತೀಯ ಕಾಲಮಾನದಲ್ಲಿ ಸಂಜೆ ನಾಲ್ಕೂವರೆಯ ಹೊತ್ತು, ಮಗುವಿಗೆ ಅನುಕೂಲ. ಜುರೋಂಗ್ ಪಕ್ಷಿಧಾಮ 2023ರ ಜನವರಿಯಲ್ಲಿ ಮುಚ್ಚಿದ್ದು, ಅದೇ ವರ್ಷದ ಮೇ ತಿಂಗಳಲ್ಲಿ ಮಂಡಾಯ್‌ನಲ್ಲಿ ಹೊಸ ಪಕ್ಷಿಧಾಮ ತೆರೆದಿದೆ.

0.9 ಮೀಟರ್‌ಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಹಿರಿಯರೊಡನೆ ಬಸ್ಸು ಹಾಗೂ ಮೆಟ್ರೋ ಪ್ರಯಾಣ ಉಚಿತ. ಆದರೆ ಕಾರಿನಲ್ಲಿ 1.35 ಮೀಟರ್‌ಗಿಂತ ಕುಳ್ಳಾದ ಮಕ್ಕಳಿಗೆ ಸುರಕ್ಷಾ ಆಸನ ಕಡ್ಡಾಯ. ಟ್ಯಾಕ್ಸಿಗಳಿಗೆ ವಿನಾಯಿತಿಯುಂಟು; ಮೊಬೈಲ್ ಮೂಲಕ ಕರೆಸುವ ಖಾಸಗಿ ಬಾಡಿಗೆ ಕಾರುಗಳಿಗೆ ಇಲ್ಲ.

ವೆಚ್ಚದ ಲೆಕ್ಕ

ವಿದೇಶ ಪ್ರವಾಸದ ಪ್ಯಾಕೇಜ್‌ಗಳ ಮೇಲೆ 2020ರ ಅಕ್ಟೋಬರ್ 1ರಿಂದ ಮೂಲದಲ್ಲಿ ತೆರಿಗೆ ಸಂಗ್ರಹ, ಅಂದರೆ ಟಿ.ಸಿ.ಎಸ್., ಜಾರಿಯಲ್ಲಿದೆ. ಇದು ಹೆಚ್ಚುವರಿ ವೆಚ್ಚವಲ್ಲ; ಆದಾಯ ತೆರಿಗೆ ವಿವರಪತ್ರದಲ್ಲಿ ಜಮೆ ಪಡೆಯಬಹುದಾದ ಮೊತ್ತ. ಬಿಲ್ಲಿನಲ್ಲಿ ಪಾವತಿದಾರರ ಪ್ಯಾನ್ ಸಂಖ್ಯೆ ಸರಿಯಾಗಿ ನಮೂದಾಗಿದೆಯೇ ಎಂದು ನೋಡಿಕೊಳ್ಳಬೇಕು. ಪ್ರವಾಸ ವಿಮೆಯಲ್ಲಿ ಮಗುವಿನ ಹೆಸರು ಸೇರಿರುವುದು ಅತ್ಯಗತ್ಯ. ಅಲ್ಲಿನ ಆಸ್ಪತ್ರೆಗಳಲ್ಲಿ ವಿದೇಶೀಯರಿಗೆ ಸರ್ಕಾರಿ ರಿಯಾಯಿತಿ ದೊರೆಯುವುದಿಲ್ಲ. ಒಂದು ರಾತ್ರಿಯ ಜ್ವರವೂ ಭಾರಿ ಬಿಲ್ಲಿಗೆ ಕಾರಣವಾಗಬಹುದು.

ಒಟ್ಟಿನಲ್ಲಿ ಪಾಸ್‌ಪೋರ್ಟ್, ವೀಸಾ, ಟಿಕೆಟ್, ಲಸಿಕೆ, ವಿಮೆ ಎಂಬ ಐದು ಶೀರ್ಷಿಕೆಗಳ ಪಟ್ಟಿಯನ್ನು ಮಗುವಿನ ಹೆಸರಿನಲ್ಲಿಯೇ ಪ್ರತ್ಯೇಕವಾಗಿ ಸಿದ್ಧಪಡಿಸಿ, ಹೊರಡುವ ಮೂರು ತಿಂಗಳು ಮೊದಲೇ ಒಂದೊಂದಾಗಿ ಪೂರೈಸುವುದು ಸೂಕ್ತ. ನಿಯಮಗಳು ಆಗಾಗ್ಗೆ ಬದಲಾಗುವುದರಿಂದ, ಆಯಾ ರಾಷ್ಟ್ರದ ದೂತಾವಾಸ ಹಾಗೂ ವಿಮಾನ ಸಂಸ್ಥೆಯಿಂದ ಕೊನೆಯದಾಗಿ ಖಚಿತಪಡಿಸಿಕೊಂಡೇ ಹಣ ಪಾವತಿಸಬೇಕು.