ಸಹಿಗೆ ಮುನ್ನ ಎರಡು ಮಾತು

ಸಿ.ಟಿ. ಸ್ಕ್ಯಾನ್ ವೇಳೆ ರಕ್ತನಾಳಕ್ಕೆ ಚುಚ್ಚುವ ಕಾಂಟ್ರಾಸ್ಟ್ ದ್ರವವನ್ನು ಆಡುಮಾತಿನಲ್ಲಿ 'ಡೈ' ಎನ್ನುತ್ತೇವೆ. ಹೆಸರಷ್ಟೇ ಬಣ್ಣದ್ದು, ಅದು ಅಯೋಡಿನ್‌ಯುಕ್ತ ತಿಳಿದ್ರವ. ಮೂತ್ರಪಿಂಡಗಳು ಆರೋಗ್ಯವಾಗಿದ್ದರೆ ಅದರ ಬಹುಪಾಲು 24 ಗಂಟೆಗಳೊಳಗೆ ಮೂತ್ರದೊಡನೆ ಹೊರಹೋಗುತ್ತದೆ.

ನನಗೆ ಪರಿಚಿತರಾದ ಹಿರಿಯರೊಬ್ಬರಿಗೆ ದ್ರವ ಒಳಸೇರುತ್ತಲೇ ಕಿಬ್ಬೊಟ್ಟೆಯಲ್ಲಿ ಬಿಸಿಯೇರಿತು. ಬಟ್ಟೆಯಲ್ಲೇ ಮೂತ್ರ ಹೋಯಿತೆಂದು ಭಾವಿಸಿ ಅವರು ನಾಚಿಕೆಯಿಂದ ಕುಗ್ಗಿಹೋದರು. ವಾಸ್ತವದಲ್ಲಿ ಏನೂ ಆಗಿರಲಿಲ್ಲ. ಅನೇಕರಿಗೆ ಕ್ಷಣಕಾಲ ಆಗುವ ನಿರಪಾಯಕಾರಿ ಅನುಭವವದು. ಆಸ್ಪತ್ರೆಯವರು ಸಹಿ ಪಡೆದಿದ್ದರೇ ಹೊರತು ಈ ಮಾತನ್ನು ಹೇಳಿರಲಿಲ್ಲ.

'ಡೈ ಕಿಡ್ನಿ ಕೆಡಿಸುತ್ತದೆ' ಎಂಬ ಭಯವೂ ವ್ಯಾಪಕ. ಈ ಅಪಾಯವನ್ನು ಉತ್ಪ್ರೇಕ್ಷಿಸಲಾಗಿದೆ ಎಂದು ಅಮೆರಿಕದ ರೇಡಿಯಾಲಜಿ ಕಾಲೇಜು ಹಾಗೂ ನ್ಯಾಷನಲ್ ಕಿಡ್ನಿ ಫೌಂಡೇಷನ್ 2020ರಲ್ಲಿ ಜಂಟಿಯಾಗಿ ಹೇಳಿದವು. ಆದರೆ ಮೂತ್ರಪಿಂಡದ ಸೋಸುವ ಸಾಮರ್ಥ್ಯದ ಅಂದಾಜು 30ಕ್ಕಿಂತ ಕೆಳಗಿದ್ದವರಿಗೆ, ಮೂತ್ರಪಿಂಡಕ್ಕೆ ಹಠಾತ್ ಘಾಸಿಯಾದವರಿಗೆ ಸಲೈನ್ ನೀಡುವ ಮುನ್ನೆಚ್ಚರಿಕೆ ಬೇಕೆಂದವು. ಇಂಥವರು ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಸೇವಿಸುತ್ತಿದ್ದರೆ ವೈದ್ಯರು ಅದನ್ನು ತಾತ್ಕಾಲಿಕವಾಗಿ ನಿಲ್ಲಿಸುತ್ತಾರೆ. ಮೂತ್ರ ಸಲೀಸಾಗಿ ಹೋಗುತ್ತಿದೆಯೆಂದು ನಿಶ್ಚಿಂತರಾಗುವಂತಿಲ್ಲ. ಘಾಸಿಯಾದಾಗಲೂ ಮೂತ್ರದ ಪ್ರಮಾಣ ಕುಗ್ಗದಿರಬಹುದು. ಸುಳಿವು ಸಿಗುವುದು ರಕ್ತದ ಕ್ರಿಯಾಟಿನಿನ್ ಪರೀಕ್ಷೆಯಲ್ಲಿ.

ಅತಿಭಯದಿಂದ ಅಗತ್ಯವಾದ ಸ್ಕ್ಯಾನ್ ತಪ್ಪಿಸಿಕೊಳ್ಳುವುದು ಎಷ್ಟು ಅನರ್ಥವೋ, ಏನನ್ನೂ ಹೇಳದೆ ಚುಚ್ಚುವುದೂ ಅಷ್ಟೇ ಅನುಚಿತ. 'ಬಿಸಿಯೆನಿಸುತ್ತದೆ, ಗಾಬರಿಯಾಗಬೇಡಿ, ಕಿಡ್ನಿ ತೊಂದರೆ ಇದೆಯೇ, ಯಾವ ಮಾತ್ರೆ ನುಂಗುತ್ತೀರಿ?' ಕನ್ನಡದಲ್ಲಿ ಇಷ್ಟನ್ನು ಕೇಳಿ ಹೇಳಲು ಒಂದು ನಿಮಿಷವೂ ಬೇಕಿಲ್ಲ. ತಿಳಿಯದೆ ಹಾಕಿದ ಸಹಿ ಆಸ್ಪತ್ರೆಗೆ ರಕ್ಷಣೆಯಾದೀತು, ಅದನ್ನು ರೋಗಿಯ ಒಪ್ಪಿಗೆ ಎನ್ನಲಾಗದು.