ಕೊಲ್ಕತ್ತೆಯ ಅಂಗಡಿಯಲ್ಲಿ ಕೆಮ್ಮಿನ ಎರಡು ಸೀಸೆಗಳು

ಕೊಲ್ಕತ್ತೆಯ ಹೋಮಿಯೋಪತಿ ಅಂಗಡಿಯೊಂದರಲ್ಲಿ, ವೈದ್ಯರ ಚೀಟಿಯ ಹಂಗಿಲ್ಲದೆ, ಕೆಮ್ಮು-ಕಫಗಳಿಗೆಂದು ಕೊಳ್ಳಬಹುದಾದ ಸೀಸೆಗಳಲ್ಲಿ ಎರಡನ್ನು ಕೈಗೆತ್ತಿಕೊಂಡು ನೋಡಿರಿ: ಒಂದರ ಮೇಲೆ ಜಸ್ಟೀಷಿಯಾ ಅಧಾತೋಡಾ, ಮದರ್ ಟಿಂಕ್ಚರ್ (ಮೂಲ ಅರ್ಕ) ಎಂದಿದೆ, ಇನ್ನೊಂದರ ಮೇಲೆ ಇಪೆಕಾಕ್ 30 ಎಂದಿದೆ.

ಮೊದಲನೆಯದು ನಮ್ಮ ಬೇಲಿಯಂಚಿನ ಆಡುಸೋಗೆ, ಬಂಗಾಳಿಗಳ ಬಾಸಕ. ಅದರ ಎಲೆಯಲ್ಲಿರುವ ವಾಸಿಸಿನ್ ಎಂಬ ಸತ್ತ್ವವನ್ನು ಆಧಾರವಾಗಿಟ್ಟುಕೊಂಡೇ ರಸಾಯನಜ್ಞರು, ಕಫವನ್ನು ತೆಳುವಾಗಿಸುವ ಬ್ರೋಮ್‌ಹೆಕ್ಸಿನ್ ಔಷಧವನ್ನು ನಿರ್ಮಿಸಿದರು. ಎರಡನೆಯದರ ಸಂಗತಿಯೇ ಬೇರೆ. ಇಪೆಕಾಕ್ ಗಿಡದ ಒಂದು ಪಾಲು ಅರ್ಕಕ್ಕೆ 99 ಪಾಲು ಮದ್ಯಸಾರವನ್ನು ಬೆರೆಸಿ ಕುಲುಕಿ, ಅದರಲ್ಲೊಂದು ಪಾಲನ್ನು ತೆಗೆದು ಮತ್ತೆ ಹಾಗೆಯೇ ಬೆರೆಸುತ್ತ, 30 ಆವೃತ್ತಿಗಳನ್ನು ಪೂರೈಸಿದಾಗ, ಮೂಲದ್ರವ್ಯದ ಒಂದು ಅಣುವಾದರೂ ಆ ಸೀಸೆಯಲ್ಲಿ ಉಳಿದಿರುವುದು ಅಸಂಭವವೆಂದೇ ಹೇಳಬೇಕು. ಯಾವ ವ್ಯಾಧಿಗೂ ಹೋಮಿಯೋಪತಿ ಫಲಕಾರಿಯೆಂಬುದಕ್ಕೆ ವಿಶ್ವಸನೀಯ ಆಧಾರವಿಲ್ಲವೆಂದು ಆಸ್ಟ್ರೇಲಿಯದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಲಿ 2015ರಲ್ಲಿ ನಿರ್ಣಯಿಸಿತು.

ಕಲ್ಕತ್ತಾ ಮೆಡಿಕಲ್ ಕಾಲೇಜಿನ ಎಂ.ಡಿ. ಪದವೀಧರರಾಗಿದ್ದೂ 1867ರಲ್ಲಿ ಬಹಿರಂಗವಾಗಿ ಈ ಪದ್ಧತಿಯ ಪಕ್ಷ ವಹಿಸಿ, ಸಹೋದ್ಯೋಗಿಗಳ ಬಹಿಷ್ಕಾರವನ್ನು ಸಹಿಸಿದ ಡಾಕ್ಟರ್ ಮಹೇಂದ್ರಲಾಲ್ ಸರ್ಕಾರರೇ, ಮುಂದೆ ಸಿ. ವಿ. ರಾಮನ್ನರು ಬೆಳಕಿನ ಪ್ರಯೋಗಗಳನ್ನು ನಡೆಸಿದ ವಿಜ್ಞಾನ ಸಂಸ್ಥೆಯನ್ನು 1876ರಲ್ಲಿ ಸ್ಥಾಪಿಸಿದವರು. ಅಂಥವರ ನಗರದಲ್ಲಿ ಸೀಸೆಯನ್ನು ಪ್ರಯೋಗದ ಒರೆಗೆ ಹಚ್ಚುವುದು ಅವರಿಗೆ ಅಗೌರವವಲ್ಲವೆಂದು ನಾನು ಬಗೆಯುತ್ತೇನೆ.

ನೆಗಡಿಯ ಕೆಮ್ಮು ಬಹುಮಟ್ಟಿಗೆ ತಾನಾಗಿ ಶಮನವಾಗುತ್ತದೆ. ಎರಡು ವಾರ ಮೀರಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಕಫಪರೀಕ್ಷೆಯನ್ನು ಮಾಡಿಸಿರಿ. ಕಫದಲ್ಲಿ ರಕ್ತ ಕಂಡರೆ, ಮಗುವಿಗೆ ಏದುಸಿರು ಬಂದರೆ, ಒಂದು ದಿನವೂ ಕಾಯದಿರಿ.