ಚೆಲ್ಲಿದ ವಿಷದ್ರವ್ಯವೂ ಅದನ್ನು ತೆಗೆಯಿಸುವ ಹೊಣೆಯೂ

ತುಮಕೂರಿನ ಶಿರಾ ಗೇಟಿನಿಂದ ಶಿರಾ ಕಡೆಗೆ ಹೋಗುವ ಮಾರ್ಗದಲ್ಲಿ ಆಮ್ಲವನ್ನೋ ಕೀಟನಾಶಕವನ್ನೋ ಹೊತ್ತ ಲಾರಿಯೊಂದು ಮಗುಚಿ, ದ್ರವವು ಪಕ್ಕದ ಹೊಲಕ್ಕೆ ಹರಿಯಿತೆಂದು ಊಹಿಸಬಹುದು. ಆಗ ನೆಲವನ್ನು ಶುದ್ಧಿಮಾಡಿಸುವ ಖರ್ಚು ಯಾರದು? ಹೊಲದ ರೈತನದಲ್ಲ. 1986ರ ಪರಿಸರ ಸಂರಕ್ಷಣಾ ಕಾಯಿದೆಯ 9ನೆಯ ಪ್ರಕರಣದಂತೆ, ವಿಷವನ್ನು ತಡೆಯುವ ಹೊಣೆಯು ಚೆಲ್ಲಿದವನದು. ಅಧಿಕಾರಿಗಳೇ ಶುದ್ಧಿಕಾರ್ಯವನ್ನು ಮಾಡಿಸಿದಲ್ಲಿ, ತಗಲಿದ ವೆಚ್ಚವನ್ನು ಬಡ್ಡಿಸಹಿತವಾಗಿ ಅವನಿಂದ ಕಂದಾಯದ ಬಾಕಿಯಂತೆ ವಸೂಲುಮಾಡಬಹುದು. ಕಂದಾಯದ ಬಾಕಿ ಎಂದರೇನೆಂಬುದನ್ನು ರೈತರಿಗೆ ವಿವರಿಸಬೇಕಾಗಿಲ್ಲ.

ಸ್ವತ್ತಿಗೆ ಆದ ನಷ್ಟದ ಮಾತು ಬೇರೆ. 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯಿದೆಯ ಮೇರೆಗೆ 5 ವರ್ಷಗಳೊಳಗಾಗಿ ಜಿಲ್ಲಾಧಿಕಾರಿಗಳಿಗೆ ಅರ್ಜಿ ಕೊಡತಕ್ಕದ್ದು. ಸರಕಿನ ಒಡೆಯನ ತಪ್ಪನ್ನು ರುಜುವಾತುಪಡಿಸಬೇಕಾಗಿಲ್ಲ. ಆದರೆ ಪರಿಹಾರದ ಮೊತ್ತಕ್ಕೆ ಮಿತಿಯುಂಟು.

ಇಂತಹ ಸಮಯದಲ್ಲಿ ಹಲವರು ಮಾಡುವ ತಪ್ಪೆಂದರೆ ನೀರು ಹೊಯ್ದು ತೊಳೆಯುವುದು. ತೊಳೆದ ವಿಷವು ಬಾವಿಗೋ ಕೆರೆಗೋ ಇಳಿಯುವುದೇ ಹೊರತು ಇಲ್ಲವಾಗುವುದಿಲ್ಲ. ಗಾಳಿ ಬೀಸಿಬರುವ ಕಡೆಯಲ್ಲಿ, ದೂರದಲ್ಲಿ ನಿಂತು, 112ಕ್ಕೆ ಸುದ್ದಿಮುಟ್ಟಿಸಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯವರು ಮಣ್ಣನ್ನೂ ನೀರನ್ನೂ ಪರೀಕ್ಷಿಸುವವರೆಗೆ ಆ ಬಾವಿಯ ನೀರನ್ನು ದನಗಳಿಗೂ ಕುಡಿಸಲಾಗದು.